ಭಯಾನಕ ಚಲಚ್ಚಿತ್ರಗಳು: ನೋಡತಕ್ಕವು ಯಾವುವು?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯ ಮೇಲೆ ಕನ್ನಡ ಪಂಡಿತನೊಬ್ಬನು ಎದ್ದು ನಿಂತರೆ ಪಂಪನನ್ನು ಕುರಿತೋ ಕುಮಾರವ್ಯಾಸನನ್ನು ಕುರಿತೋ ನಾಲ್ಕು ಮಾತು ಆಡುವನೆಂದು ಸಭಿಕರು ನಿರೀಕ್ಷಿಸುವುದು ಸಹಜ. ಆದರೆ ಈ ವರ್ಷ ನಮ್ಮ ಪಾಲಿಗೆ ಬಂದಿರುವ ವಿಷಯ ಬೇರೆ. ಸಂಘದ ಯುವಕರು ತಿಂಗಳಿಗೊಂದು ಚಿತ್ರಪ್ರದರ್ಶನವನ್ನು ಏರ್ಪಡಿಸಬೇಕೆಂದು ನಿಶ್ಚಯಿಸಿ, ಮೊದಲನೆಯ ಚಿತ್ರ ಯಾವುದಾಗಬೇಕೆಂದು ಮಕ್ಕಳನ್ನು ಕೇಳಿದರಂತೆ. ಮಕ್ಕಳೆಲ್ಲರೂ ಒಕ್ಕೊರಲಿನಿಂದ 'ದೆವ್ವದ ಚಿತ್ರ' ಎಂದರಂತೆ. ತಾಯಂದಿರು ಬೇಡವೆಂದರು, ಹಿರಿಯರು ಛೀ ಎಂದರು, ಯುವಕರು ಆಗಲಿ ಎಂದರು. ಕಡೆಗೆ ತೀರ್ಮಾನದ ಭಾರವನ್ನು ನಮ್ಮ ಹೆಗಲಿಗೆ ಹೊರಿಸಿದರು. ನಮಗೂ ದೆವ್ವಕ್ಕೂ ಏನು ಸಂಬಂಧವೆಂದು ಕೇಳಿದ್ದಕ್ಕೆ, "ತಾವು ಹಳಗನ್ನಡ ವ್ಯಾಕರಣ ಕಲಿಸುವವರು, ಮಕ್ಕಳನ್ನು ಹೆದರಿಸುವುದರಲ್ಲಿ ತಮಗೆ ಅನುಭವವುಂಟು" ಎಂದು ಕಾರ್ಯದರ್ಶಿಗಳು ನಗೆಯಾಡಿದರು. ಆ ನಗೆಯ ಋಣವನ್ನು ಈಗ ತೀರಿಸುತ್ತಿದ್ದೇವೆ.

ವಿಷಯ ಹಗುರವಾಗಿ ತೋರಬಹುದು. ಆದರೆ ಅದು ನಮ್ಮ ಮನೆಗಳ ಒಳಗೆ ಆಗಲೇ ಬಂದು ಕುಳಿತಿದೆ. ಕಳೆದ ವರ್ಷ ಎಂಟನೆಯ ತರಗತಿಯ ಬಾಲಕನೊಬ್ಬನು ವಾರಗಟ್ಟಲೆ ತರಗತಿಯಲ್ಲಿ ತೂಕಡಿಸುತ್ತಿದ್ದನು. ವಿಚಾರಿಸಿದರೆ ರಾತ್ರಿ ನಿದ್ರೆಯಿಲ್ಲವೆಂದನು. ಮನೆಯವರು ನೂಲು ಕಟ್ಟಿಸಿದ್ದರು. ಕಾರಣ ಇಷ್ಟೆ: ಹೊದಿಕೆಯೊಳಗೆ ಮೊಬೈಲನ್ನು ಹಿಡಿದು ಯಾವುದೋ ವಿದೇಶೀ ಚಿತ್ರದ ತುಣುಕೊಂದನ್ನು ನೋಡಿದ್ದನು. ಆ ತುಣುಕಿಗೆ ಹಿಂದಿಲ್ಲ, ಮುಂದಿಲ್ಲ, ಕಥೆಯಿಲ್ಲ, ಕಾರಣವಿಲ್ಲ, ಒಂದು ವಿಕಾರವಾದ ಮುಖ, ಒಂದು ಚೀತ್ಕಾರ, ಅಷ್ಟೆ. ಆ ಮುಖಕ್ಕೊಂದು ಕಥೆಯಿದ್ದಿದ್ದರೆ ಹುಡುಗನು ಬಹುಶಃ ಅಷ್ಟು ಹೆದರುತ್ತಿರಲಿಲ್ಲ ಎಂದು ನಮಗೆ ಅಂದು ತೋರಿತು. ಇಂದಿನ ನಮ್ಮ ಮಾತಿಗೆಲ್ಲ ಅದೇ ಬೀಜ.

ಭಯವನ್ನು ಬೇಕೆಂದೇ ಅನುಭವಿಸುವುದು ಸರಿಯೇ ಎಂಬ ಪ್ರಶ್ನೆ ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದರ ಬಣ್ಣ ಕಪ್ಪು, ಅದರ ದೇವತೆ ಕಾಲ. ನಿಜವಾದ ಹುಲಿಯನ್ನು ಕಂಡು ಓಡುವವನಿಗೆ ರಸವಿಲ್ಲ, ಬರಿಯ ಭಯವಿದೆ. ರಂಗದ ಭಯವನ್ನು ನೋಡುವವನಿಗಾದರೋ ಅದು ಆಸ್ವಾದ್ಯವಾಗುತ್ತದೆ. ಇದು ಹೇಗೆಂಬುದನ್ನು ವಿವರಿಸುವಾಗ ಅಭಿನವಗುಪ್ತಪಾದರು ಆರಿಸಿಕೊಂಡ ನಿದರ್ಶನ ಕಾಳಿದಾಸನ ಶಾಕುಂತಲದ ಜಿಂಕೆ. ದುಷ್ಯಂತನ ಬಾಣಕ್ಕೆ ಅಂಜಿ, ಹಿಂದಿರುಗಿ ನೋಡುತ್ತ ಓಡುವ ಆ ಜಿಂಕೆಯ ಭಯ ಜಿಂಕೆಯದೂ ಅಲ್ಲ, ನಮ್ಮದೂ ಅಲ್ಲ. ಯಾರದ್ದೂ ಅಲ್ಲದ ಭಯವಾಗಿ ನಮ್ಮ ಹೃದಯವನ್ನು ಸೇರುತ್ತದೆ. ಆಚಾರ್ಯರು ಬೇಟೆಗಾರನ ಉದಾಹರಣೆಯನ್ನು ಕೊಡಲಿಲ್ಲ, ರಾಕ್ಷಸನ ಉದಾಹರಣೆಯನ್ನೂ ಕೊಡಲಿಲ್ಲ. ಬೇಟೆಗೆ ಸಿಕ್ಕಿದ ಪ್ರಾಣಿಯ ಉದಾಹರಣೆಯನ್ನು ಕೊಟ್ಟರು ಎಂಬುದು ಗಮನಾರ್ಹ. ಒಳ್ಳೆಯ ಭಯಾನಕದ ಬೆನ್ನಹಿಂದೆಯೇ ಕರುಣವೂ ಬರುತ್ತದೆ.

ನಮ್ಮ ರನ್ನನಿಗೂ ಈ ಮರ್ಮ ತಿಳಿದಿತ್ತು. ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗವನ್ನು ದಾಟಿ ಹೋಗುವ ಸಂದರ್ಭವನ್ನು ನಿಮ್ಮಲ್ಲಿ ಅನೇಕರು ಓದಿದ್ದೀರಿ. ಹೆಣಗಳ ರಾಶಿ, ನೆತ್ತರ ಮಡು, ದಾರಿಗಡ್ಡವಾಗುವ ಮರುಳುಗಳು. ಕನ್ನಡದಲ್ಲಿ ಅದಕ್ಕಿಂತ ಭಯಂಕರವಾದ ನಡಿಗೆ ಇನ್ನೊಂದಿಲ್ಲ. ಆದರೆ ಕವಿಯು ಅಲ್ಲಿಗೇ ನಿಲ್ಲುವುದಿಲ್ಲ. ಅದೇ ದಾರಿಯಲ್ಲಿ ದ್ರೋಣನು, ಮಗನಾದ ಲಕ್ಷ್ಮಣಕುಮಾರನು, ತಮ್ಮನಾದ ದುಶ್ಶಾಸನನು, ಗೆಳೆಯನಾದ ಕರ್ಣನು ಬಿದ್ದಿರುವುದನ್ನು ರಾಜನು ಕಾಣುತ್ತಾನೆ. ಹೆದರಿಕೆಯ ನಡಿಗೆ ಅಳುವಿನ ನಡಿಗೆಯಾಗುತ್ತದೆ. ಓದುಗನು ಅಲ್ಲಿಯವರೆಗೆ ದ್ವೇಷಿಸಿದವನನ್ನು ಅಲ್ಲಿಂದ ಮುಂದೆ ಮರುಗಿ ನೋಡುತ್ತಾನೆ.

ಕಾವ್ಯದ ಮಾತು ಹಾಗಿರಲಿ. ನಮ್ಮ ನೆಲದಲ್ಲಿಯೇ ಭಯದ ವಿದ್ಯೆ ಇಲ್ಲವೇ? ನಾವು ಬಾಲಕರಾಗಿದ್ದಾಗ ಬಯಲಾಟಕ್ಕೆ ಹೋಗಿ, ಚಾಪೆಯ ಮೇಲೆ ಹಿರಿಯರ ಮಗ್ಗುಲಲ್ಲಿ ನಿದ್ದೆ ಮಾಡುತ್ತಿದ್ದೆವು. ಬಣ್ಣದ ವೇಷ ಬರುವ ಹೊತ್ತಿಗೆ ಚೆಂಡೆಯ ಪೆಟ್ಟಿಗೆ ಎಚ್ಚರವಾಗುತ್ತಿತ್ತು. ಮೊದಲು ತೆರೆಯ ಹಿಂದಿನ ಆರ್ಭಟ, ಅನಂತರ ತೆರೆಯ ಮೇಲೆ ಕಾಣುವ ಕಿರೀಟದ ತುದಿ, ಅನಂತರ ದೀವಟಿಗೆಯ ಬೆಳಕಿನಲ್ಲಿ ಪೂರ್ಣ ರೂಪ. ಹೆದರಿ ಹಿರಿಯರ ಬೆನ್ನಹಿಂದೆ ಅಡಗಿದರೂ ಬೆರಳುಗಳ ಸಂದಿಯಿಂದ ನೋಡದೆ ಇರುತ್ತಿರಲಿಲ್ಲ. ಬೆಳಗಾದ ಮೇಲೆ ಆ ರಾಕ್ಷಸನೇ ಬಣ್ಣ ತೊಳೆದುಕೊಂಡು ಚಹಾ ಕುಡಿಯುತ್ತ ಕುಳಿತಿರುವುದನ್ನು ಕಂಡು ನಗುತ್ತಿದ್ದೆವು. ಭಯವನ್ನು ಕೊಟ್ಟವನೇ ಅದನ್ನು ಬೆಳಗಿಗೆ ತಿರುಗಿ ಪಡೆಯುತ್ತಿದ್ದನು. ಮಗ್ಗುಲಲ್ಲಿ ಹಿರಿಯರಿದ್ದರು. ಮೊಬೈಲಿನ ತುಣುಕಿಗೆ ಈ ಎರಡೂ ಇಲ್ಲ.

ಇನ್ನು 'ಭೂತ' ಎಂಬ ಶಬ್ದ. ಪೇಟೆಯ ಚಿತ್ರಗಳಲ್ಲಿ ಅದು ಬರಿಯ ಹೆದರಿಕೆಯ ಹೆಸರು. ತುಳುನಾಡಿನಲ್ಲಿಯೂ ನಮ್ಮ ಕಾಸರಗೋಡಿನಲ್ಲಿಯೂ ಭೂತವೆಂದರೆ ದೈವ. ಅದು ಬಂದು ನಿಂತಾಗ ಮೊದಲು ಅದರ ಕಥೆಯನ್ನು ಪಾಡ್ದನವಾಗಿ ಹಾಡುತ್ತಾರೆ: ಎಲ್ಲಿ ಹುಟ್ಟಿತು, ಯಾರಿಂದ ಅನ್ಯಾಯವಾಯಿತು, ಹೇಗೆ ಮಾಯವಾಯಿತು. ಕಲ್ಕುಡನ ಪಾಡ್ದನವನ್ನು ನೆನೆಯಿರಿ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ ಇನ್ನೊಂದನ್ನು ಕಡೆಯಬಾರದೆಂದು ಅರಸನು ಅವನ ಕೈಕಾಲನ್ನು ಕಡಿಸಿದನೆಂದೂ, ಆ ಅಣ್ಣನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ನ್ಯಾಯ ಕೇಳಿದರೆಂದೂ ಅದು ಹೇಳುತ್ತದೆ. ಅನ್ಯಾಯಕ್ಕೊಳಗಾಗಿ ಸತ್ತವರಿಗೆ ವರ್ಷಕ್ಕೊಮ್ಮೆ ಬಾಯಿ ಕೊಟ್ಟು, ಊರೆಲ್ಲ ಕೈಮುಗಿದು ಕೇಳುವ ವ್ಯವಸ್ಥೆ ಅದು. 2022ರಲ್ಲಿ 'ಕಾಂತಾರ' ಚಿತ್ರವು ಬಂದಾಗ ಹೊರನಾಡಿನವರು ಬೆರಗಾಗಿ ನೋಡಿದ್ದು ಈ ವ್ಯವಸ್ಥೆಯನ್ನೇ. ಅದನ್ನು ಭಯಾನಕ ಚಿತ್ರಗಳ ಸಾಲಿನಲ್ಲಿ ಕೂರಿಸುವವರು ತಪ್ಪುತ್ತಾರೆ ಎಂಬುದು ನಮ್ಮ ಅಭಿಪ್ರಾಯ.

ಇಷ್ಟು ಪೀಠಿಕೆಯ ಮೇಲೆ, ನಮಗೆ ತುಂಬ ಮೆಚ್ಚಿಗೆಯಾದ ಚಿತ್ರಕ್ಕೆ ಬರೋಣ. 1993ರಲ್ಲಿ ತೆರೆಕಂಡ ಮಲಯಾಳದ 'ಮಣಿಚ್ಚಿತ್ರತ್ತಾಳ್' ಅದು. ಫಾಸಿಲರ ನಿರ್ದೇಶನ, ಮಧು ಮುಟ್ಟಂ ಅವರ ಕಥೆ. ಹೆಸರಿನ ಕಡೆಯ ಪದ ನಮಗೆ ಪರಕೀಯವಲ್ಲ. ಅಗುಳಿಗೆ ಹಳಗನ್ನಡದಲ್ಲಿ ಹೇಳುವ 'ತಾೞ್' ಎಂಬ ಮಾತಿನ ಒಡಹುಟ್ಟು ಅದು. ಚಿತ್ತಾರದ ಬೀಗ ಎಂದರ್ಥ. ಕಥೆಯ ಸಾರ ಹೀಗಿದೆ. ನಕುಲನೆಂಬವನು ಪತ್ನಿ ಗಂಗೆಯೊಡನೆ ಹಳೆಯ ತರವಾಡು ಮನೆಗೆ ಬಂದು ನೆಲೆಸುತ್ತಾನೆ. ಬೀಗ ಹಾಕಿದ ಕೋಣೆಯೊಂದನ್ನು ಗಂಗೆ ಕುತೂಹಲದಿಂದ ತೆರೆಸುತ್ತಾಳೆ. ಹಿಂದೆ ಆ ಮನೆಯ ಯಜಮಾನನು ತಂಜಾವೂರಿನಿಂದ ನಾಗವಲ್ಲಿಯೆಂಬ ನರ್ತಕಿಯನ್ನು ಕರೆತಂದಿದ್ದನು. ಅವಳ ಮನಸ್ಸು ಎದುರು ಮನೆಯಲ್ಲಿದ್ದ ರಾಮನಾಥನೆಂಬ ನರ್ತಕನಲ್ಲಿ ನೆಟ್ಟಿತ್ತು. ಯಜಮಾನನು ಅವಳನ್ನು ಕೊಂದನು. ಈ ವೃತ್ತಾಂತವನ್ನು ಕೇಳಿದ ಗಂಗೆಯಲ್ಲಿ ನಾಗವಲ್ಲಿ ಎಚ್ಚರಗೊಳ್ಳುತ್ತಾಳೆ. ಮನೆಯವರು ಯಾರು ಯಾರನ್ನೋ ಶಂಕಿಸುತ್ತಾರೆ. ನಕುಲನ ಗೆಳೆಯನಾದ ಮನೋವೈದ್ಯ ಸನ್ನಿ ಬಂದು, ಇದು ದೆವ್ವವಲ್ಲ, ಗಂಗೆಯ ಮನಸ್ಸಿನ ಗಾಯ ಎಂದು ಕಂಡುಹಿಡಿಯುತ್ತಾನೆ. ಗಂಗೆಯು ತಂದೆತಾಯಿಗಳು ದೂರದ ಕಲ್ಕತ್ತೆಯಲ್ಲಿರಲು, ಊರಿನಲ್ಲಿ ಅಜ್ಜಿಯ ಬಳಿ ಕಥೆ ಕೇಳುತ್ತ ಬೆಳೆದವಳು. ಆ ಅಜ್ಜಿಯಿಂದ ಅಗಲಿಸುವ ಭೀತಿಯೇ ಅವಳ ಮನಸ್ಸನ್ನು ಮೊದಲು ಸೀಳಿದ್ದು.

ಈ ಪಾತ್ರಕ್ಕಾಗಿ ಶೋಭನಾ ಅವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ಬಂದಿತು. ವೈದ್ಯನಾಗಿ ಮೋಹನಲಾಲರು, ಗಂಡನಾಗಿ ಸುರೇಶ್ ಗೋಪಿಯವರು, ತಂತ್ರಿಯಾಗಿ ತಿಲಕನ್ ಅವರು ನಟಿಸಿದ್ದಾರೆ. ಈ ತಂತ್ರಿಯ ಪಾತ್ರವನ್ನು ನೀವು ವಿಶೇಷವಾಗಿ ಗಮನಿಸಬೇಕು. ಮಂತ್ರವಾದಿಯೂ ವೈದ್ಯನೂ ಕಾದಾಡುವುದು ಇಂಥ ಚಿತ್ರಗಳ ಪದ್ಧತಿ. ಇಲ್ಲಿ ಹಾಗಲ್ಲ. ತಂತ್ರಿಯು ವೈದ್ಯನ ವಿದ್ಯೆಯನ್ನು ಮನ್ನಿಸಿ, ತನ್ನ ಪೂಜೆಯ ಮಂಡಲವನ್ನು ಅವನ ಚಿಕಿತ್ಸೆಗೆ ಒಪ್ಪಿಸಿಕೊಡುತ್ತಾನೆ. ದುರ್ಗಾಷ್ಟಮಿಯ ರಾತ್ರಿ ನಾಗವಲ್ಲಿಗೆ ತನ್ನ ವೈರಿಯನ್ನು ಕೊಂದೆನೆಂಬ ತೃಪ್ತಿಯನ್ನು ಕೊಡುತ್ತಾರೆ. ಆದರೆ ಅವಳ ಕತ್ತಿಗೆ ಸಿಕ್ಕುವುದು ಗಂಡನಲ್ಲ, ಒಂದು ಬೊಂಬೆ. ದೆವ್ವವನ್ನು ಹೊಡೆದೋಡಿಸದೆ, ಅದರ ಮಾತನ್ನು ಕೇಳಿ, ಅದರ ಕೋಪವನ್ನು ಇಳಿಸಿ ಕಳುಹಿಸುತ್ತಾರೆ.

ಕನ್ನಡದಲ್ಲಿ ಇದೇ ಕಥೆ 2004ರಲ್ಲಿ 'ಆಪ್ತಮಿತ್ರ' ಎಂದು ಬಂದಿತು. ದ್ವಾರಕೀಶರ ನಿರ್ಮಾಣ, ಪಿ. ವಾಸು ಅವರ ನಿರ್ದೇಶನ. ವೈದ್ಯನಾಗಿ ವಿಷ್ಣುವರ್ಧನರು, ಗಂಡನಾಗಿ ರಮೇಶ್ ಅರವಿಂದರು, ಗಂಗೆಯಾಗಿ ಸೌಂದರ್ಯ ಅವರು ನಟಿಸಿದರು. 2005ರಲ್ಲಿ ತಮಿಳಿನಲ್ಲಿ 'ಚಂದ್ರಮುಖಿ', 2007ರಲ್ಲಿ ಹಿಂದಿಯಲ್ಲಿ 'ಭೂಲ್ ಭುಲಯ್ಯಾ' ಎಂದು ಅದೇ ಕಥೆ ಮತ್ತೆ ಮತ್ತೆ ಹುಟ್ಟಿತು. ಕಾಸರಗೋಡಿನ ನಾವು ಮಲಯಾಳವನ್ನೂ ಕನ್ನಡವನ್ನೂ ತರ್ಜುಮೆಯಿಲ್ಲದೆ ನೋಡಬಲ್ಲ ಭಾಗ್ಯವಂತರು. ಆದುದರಿಂದ ಎರಡನ್ನೂ ಹೋಲಿಸುವ ಅಧಿಕಾರ ನಮಗುಂಟು. ಮಲಯಾಳದ ಚಿತ್ರ ಸಂಯಮದ್ದು. ಭಯವನ್ನು ನೂಪುರದ ಸದ್ದಿನಲ್ಲಿ, ಮುಚ್ಚಿದ ಬಾಗಿಲಿನಲ್ಲಿ, ಗಂಗೆಯ ಕಣ್ಣಿನ ಒಂದು ತಿರುವಿನಲ್ಲಿ ಅಡಗಿಸಿಡುತ್ತದೆ. ಕನ್ನಡದ ಚಿತ್ರ ವೈಭವದ್ದು; ಅದು ಯಜಮಾನನನ್ನು ರಾಜನನ್ನಾಗಿ ಮಾಡಿ, ಅವನ ಅಟ್ಟಹಾಸವನ್ನು ವಿಷ್ಣುವರ್ಧನರ ಬಾಯಿಂದಲೇ ಕೇಳಿಸಿತು. ದೊಡ್ಡದೊಂದು ಸರ್ಪವನ್ನು ತಂದು, ಮನೋವೈದ್ಯದ ಕಥೆಗೆ ಪವಾಡದ ಬಾಲವನ್ನು ಅಂಟಿಸಿದ್ದು ಮಾತ್ರ ನಮಗೆ ರುಚಿಸಲಿಲ್ಲ. ಆದರೆ ಸೌಂದರ್ಯ ಅವರ ಅಭಿನಯವನ್ನು ಯಾವ ಭಾಷೆಯವರ ಮುಂದೆಯೂ ಧೈರ್ಯವಾಗಿ ಇಡಬಹುದು.

ಇಲ್ಲಿ ಒಂದು ವಿಷಾದದ ಮಾತನ್ನು ಹೇಳದೆ ಗತಿಯಿಲ್ಲ. ಸೌಂದರ್ಯ ಅವರು 2004ರ ಏಪ್ರಿಲಿನಲ್ಲಿ ಬೆಂಗಳೂರಿನ ಬಳಿ ವಿಮಾನಾಪಘಾತದಲ್ಲಿ ತೀರಿಕೊಂಡರು; ಚಿತ್ರ ಬಂದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಅದರ ಮುಂದಿನ ಕಥೆಯಾದ 'ಆಪ್ತರಕ್ಷಕ' 2010ರಲ್ಲಿ ತೆರೆಕಾಣುವ ಮೊದಲೇ, 2009ರ ಡಿಸೆಂಬರಿನಲ್ಲಿ, ವಿಷ್ಣುವರ್ಧನರು ನಿಧನರಾದರು. ಇದನ್ನು 'ನಾಗವಲ್ಲಿಯ ಕಾಟ' ಎಂದು ಜನ ಆಡಿಕೊಂಡದ್ದನ್ನು ನಾವೇ ಕೇಳಿದ್ದೇವೆ. ಮಹನೀಯರೇ, ದೆವ್ವವಿಲ್ಲ, ರೋಗವಿದೆ, ರೋಗಕ್ಕೆ ಮದ್ದಿದೆ ಎಂದು ಹೇಳಲು ಹೊರಟ ಚಿತ್ರದ ಮೇಲೆಯೇ ದೆವ್ವದ ಕಥೆಯನ್ನು ಕಟ್ಟಿದೆವಲ್ಲ! ವಿಮಾನ ಬಿದ್ದದ್ದು ವಿಮಾನದ ಅಪಘಾತ. ಹೃದಯ ನಿಂತದ್ದು ಹೃದಯದ ವ್ಯಾಧಿ. ಚಿತ್ರವನ್ನು ನೋಡಿ ಎದ್ದು ಬಂದೆವು. ಅದರ ಮಾತನ್ನು ಮಾತ್ರ ಅಲ್ಲಿಯೇ ಬಿಟ್ಟುಬಂದೆವು.

ಈಗ ನಮ್ಮ ಭಾಷಣದ ಮುಖ್ಯ ವಿಷಯಕ್ಕೆ ಬರುತ್ತೇವೆ. ಒಂಬತ್ತನೆಯ ತರಗತಿಯಲ್ಲಿ ಈ ಎರಡು ಚಿತ್ರಗಳ ಮಾತು ಬಂದಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ದೆವ್ವ ಯಾಕೆ ಯಾವಾಗಲೂ ಬೇರೆ ಭಾಷೆ ಮಾತಾಡುತ್ತದೆ?" ಎಂದು ಕೇಳಿದಳು. ನಮಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳುತ್ತೇವಮ್ಮ" ಎಂದು ಕುಳ್ಳಿರಿಸಿದೆವು. ಮನೆಗೆ ಬಂದು ಯೋಚಿಸಿದರೆ ಅವಳ ಮಾತು ಅಕ್ಷರಶಃ ನಿಜ. ಮಲಯಾಳದ ಮನೆಯ ನಾಗವಲ್ಲಿ ತಮಿಳಿನಲ್ಲಿ ಮಾತನಾಡುತ್ತಾಳೆ, ತಮಿಳಿನಲ್ಲಿ ಹಾಡುತ್ತಾಳೆ. ಕನ್ನಡದ ಮನೆಯ ನಾಗವಲ್ಲಿ ತೆಲುಗಿನಲ್ಲಿ ಹಾಡುತ್ತಾಳೆ. ಕಥೆ ತಮಿಳಿಗೆ ಹೋದಾಗ, ಅಲ್ಲಿ ಮನೆಯ ಭಾಷೆಯೇ ತಮಿಳಾದುದರಿಂದ, ಚಂದ್ರಮುಖಿ ತೆಲುಗಿನವಳಾದಳು. ಹಿಂದಿಗೆ ಹೋದಾಗ ಮಂಜುಲಿಕಾ ಎಂಬ ಬಂಗಾಳದ ನರ್ತಕಿಯಾದಳು. ನಾಲ್ಕು ಭಾಷೆಗಳಲ್ಲಿ ಮನೆ ಬದಲಾಯಿತು, ಯಜಮಾನ ಬದಲಾದ, ವೈದ್ಯ ಬದಲಾದ. ಬದಲಾಗದ ಸಂಗತಿ ಒಂದೇ: ಹೆದರಿಸುವವಳು ನೆರೆನುಡಿಯವಳು.

ಇದನ್ನು ಕೆಟ್ಟ ಅರ್ಥದಲ್ಲಿ ತೆಗೆದುಕೊಳ್ಳಬಹುದು. ನೆರೆಯ ಭಾಷೆ ಮನೆಯೊಳಗೆ ಕೇಳಿಬಂದರೆ ಮನೆಯವರು ಬೆಚ್ಚಿಬೀಳುವರೆಂದೂ, ಆ ಭಾಷೆ ಹೊರಟುಹೋದ ಮೇಲೆ ಮನೆ ಶಾಂತವಾಗುವುದೆಂದೂ ಇದರಿಂದ ತಿಳಿಯಬಹುದು. ಗಡಿನಾಡಿನ ಮಗುವಿಗೆ ಈ ಅನುಭವ ಹೊಸದಲ್ಲ. ನಮ್ಮ ವಿದ್ಯಾರ್ಥಿಯೊಬ್ಬನು ಸ್ಪರ್ಧೆಯೊಂದಕ್ಕೆಂದು ದೂರದ ಪಟ್ಟಣಕ್ಕೆ ಹೋಗಿ, ದಾರಿ ತಪ್ಪಿದಾಗ ಗಾಬರಿಯಿಂದ ಕನ್ನಡದಲ್ಲಿ ಕೇಳಿಬಿಟ್ಟನಂತೆ. ಅಲ್ಲಿದ್ದವರು ತಿರುಗಿ ನೋಡಿದ ನೋಟವನ್ನು ಅವನು ಬಂದು ವರ್ಣಿಸಿದ್ದು ನಮಗೆ ಮರೆಯದು. "ಭೂತ ಕಂಡ ಹಾಗೆ ನೋಡಿದರು ಸರ್" ಎಂದನು. ಯಾರೂ ಕೆಡುಕು ಮಾಡಲಿಲ್ಲ. ಒಬ್ಬರು ದಾರಿಯನ್ನೂ ತೋರಿಸಿದರಂತೆ. ಆದರೂ ಆ ನೋಟವೊಂದು ಅವನೊಳಗೆ ಉಳಿಯಿತು. ನಾವೂ ಪರಿಶುದ್ಧರಲ್ಲ. ಕೂಲಿಗಾಗಿ ನಮ್ಮ ಊರಿಗೆ ಬಂದ ಹೊರನಾಡಿನ ಹುಡುಗನು ಅಂಗಡಿಯ ಮುಂದೆ ತನ್ನ ಭಾಷೆಯಲ್ಲಿ ಮಾತನಾಡಿದಾಗ ನಮ್ಮ ನೋಟ ಹೇಗಿರುತ್ತದೆ ಎಂಬುದನ್ನು ನಾವೇ ಪರೀಕ್ಷಿಸಿಕೊಳ್ಳಬೇಕು.

ಆದರೆ ಚಿತ್ರವನ್ನು ಎರಡನೆಯ ಸಲ ನೋಡಿದಾಗ ನಮಗೆ ಬೇರೊಂದು ಅರ್ಥ ತೋರಿತು. ನಾಗವಲ್ಲಿ ತಾನಾಗಿ ಆ ಮನೆಗೆ ನುಗ್ಗಿದವಳಲ್ಲ; ಕರೆತಂದವರು ಮನೆಯ ಯಜಮಾನರು. ಅವಳ ಆಟವನ್ನು ನೋಡಿ ಸಂತೋಷಪಟ್ಟರು, ಅವಳ ಮಾತನ್ನು ಮಾತ್ರ ಕೇಳಲಿಲ್ಲ. ಬದುಕಿದ್ದಾಗ ಕೇಳಿದ್ದರೆ ಸತ್ತ ಮೇಲೆ ಕೂಗುವ ಅಗತ್ಯವೇ ಇರುತ್ತಿರಲಿಲ್ಲ. ಕಡೆಗೆ ಆ ಮನೆ ಉಳಿದದ್ದು ಹೇಗೆ? ವೈದ್ಯನು ಅವಳ ಭಾಷೆಯಲ್ಲಿಯೇ ಅವಳೊಡನೆ ಮಾತನಾಡಿದನು. ತರವಾಡನ್ನು ಕಾಪಾಡಿದ ಮದ್ದು ಇಷ್ಟೆ. ಮರುದಿನ ನಾವು ಆ ಹುಡುಗಿಗೆ ಹೇಳಿದ ಉತ್ತರವೂ ಇಷ್ಟೆ: "ಬೇರೆ ಭಾಷೆ ಮಾತಾಡುವುದರಿಂದ ಅದು ದೆವ್ವವಲ್ಲಮ್ಮ. ಅದರ ಭಾಷೆಯನ್ನು ಯಾರೂ ಕೇಳದೆ ಹೋದುದರಿಂದ ದೆವ್ವವಾಯಿತು."

ಇನ್ನೊಂದು ಸಂಗತಿ. ಆ ಚಿತ್ರದ ಬಹುಭಾಗವನ್ನು ಪದ್ಮನಾಭಪುರದ ಅರಮನೆಯಲ್ಲಿಯೂ ತೃಪ್ಪೂಣಿತ್ತುರದ ಅರಮನೆಯಲ್ಲಿಯೂ ಚಿತ್ರಿಸಿದರು. ಪದ್ಮನಾಭಪುರ ಹಿಂದೆ ತಿರುವಾಂಕೂರಿನ ರಾಜಧಾನಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ನೆಲ ತಮಿಳರ ರಾಜ್ಯಕ್ಕೆ ಸೇರಿತು. ಅರಮನೆಯ ಆಡಳಿತ ಮಾತ್ರ ಇಂದಿಗೂ ಕೇರಳ ಸರಕಾರದ ಕೈಯಲ್ಲಿದೆ. ಮನೆ ಒಂದು ರಾಜ್ಯದಲ್ಲಿ, ಬೀಗದ ಕೈ ಇನ್ನೊಂದು ರಾಜ್ಯದಲ್ಲಿ! ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಈ ಸಭೆಗೆ ನಾವು ನೆನಪಿಸಬೇಕಾಗಿಲ್ಲ. ಎರಡು ನುಡಿಗಳ ನಡುವಿನ ಮನೆಯ ಕಥೆಯನ್ನು ಅಂಥ ಮನೆಯಲ್ಲಿಯೇ ಚಿತ್ರಿಸಿದ್ದು ಆಕಸ್ಮಿಕವಿರಬಹುದು. ಆದರೂ ನಮ್ಮಂಥವರ ಮನಸ್ಸಿಗೆ ಅದು ತಟ್ಟದೆ ಇರದು.

ಇನ್ನು ಮಕ್ಕಳು ಕಾಯುತ್ತಿರುವ ಭಾಗ. ಯಾವ ಚಿತ್ರವನ್ನು ನೋಡಬಹುದು? ನಾವು ಮೂರು ಒರೆಗಲ್ಲುಗಳನ್ನು ಇಟ್ಟುಕೊಂಡಿದ್ದೇವೆ. ಮೊದಲನೆಯದು, ಚಿತ್ರದ ದೆವ್ವಕ್ಕೆ ಕಥೆಯಿದೆಯೇ? ಎರಡನೆಯದು, ಭಯ ಧ್ವನಿಯಿಂದ ಹುಟ್ಟುತ್ತದೆಯೋ ರಕ್ತಮಾಂಸದ ಪ್ರದರ್ಶನದಿಂದಲೋ? ಮೂರನೆಯದು, ಚಿತ್ರ ಮುಗಿದಾಗ ರೋಗಿಯ ಮೇಲೆ, ಬಡವನ ಮೇಲೆ, ಒಂಟಿ ಹೆಂಗಸಿನ ಮೇಲೆ, ಅನ್ಯಭಾಷಿಕನ ಮೇಲೆ ನಮ್ಮ ಶಂಕೆ ಹೆಚ್ಚಿತೋ ಮರುಕ ಹೆಚ್ಚಿತೋ?

ಈ ಒರೆಗಲ್ಲಿಗೆ ಹತ್ತಿದ ಕೆಲವು ಚಿತ್ರಗಳನ್ನು ಹೇಳುತ್ತೇವೆ. ಮೊದಲನೆಯದು 1964ರ 'ಭಾರ್ಗವೀ ನಿಲಯಂ'. ವೈಕಂ ಮುಹಮ್ಮದ್ ಬಷೀರರು ತಮ್ಮದೇ ಕಥೆಯಿಂದ ಚಿತ್ರಕಥೆಯನ್ನು ಬರೆದರು, ಎ. ವಿನ್ಸೆಂಟರು ನಿರ್ದೇಶಿಸಿದರು. ಸಾಹಿತಿಯೊಬ್ಬನು ದೆವ್ವದ ಮನೆಯೆಂದು ಹೆಸರಾದ ಮನೆಯನ್ನು ಬಾಡಿಗೆಗೆ ಹಿಡಿದು, ಅಲ್ಲಿನ ಭಾರ್ಗವಿಯನ್ನು ಹೆದರದೆ ಮಾತನಾಡಿಸಿ, ಅವಳ ಕಥೆಯನ್ನು ಬರೆಯಲು ಕೂರುತ್ತಾನೆ. ಬರೆಯುತ್ತ ಹೋದಂತೆ ಅವಳ ಕೊಲೆಗಾರನು ಬಯಲಾಗುತ್ತಾನೆ. ಲೇಖನಿಯೇ ಮಂತ್ರದಂಡವಾಗುವ ಈ ಚಿತ್ರವನ್ನು ಹದಿಮೂರು ದಾಟಿದ ಎಲ್ಲ ಮಕ್ಕಳಿಗೂ ತೋರಿಸಬಹುದು.

ಕನ್ನಡದಲ್ಲಿ 2016ರ 'ಯು ಟರ್ನ್', ಪವನ್ ಕುಮಾರರದು. ಬೆಂಗಳೂರಿನ ಮೇಲುಸೇತುವೆಯೊಂದರ ನಡುವಣ ಕಲ್ಲುಗಳನ್ನು ಸರಿಸಿ, ನಿಯಮ ಮುರಿದು ವಾಹನ ತಿರುಗಿಸುವವರ ಕಥೆ. ಒಬ್ಬರು ಸರಿಸಿಹೋದ ಕಲ್ಲು ಇನ್ನೊಬ್ಬರ ಪ್ರಾಣಕ್ಕೆ ಎರವಾಗುತ್ತದೆ. ದ್ವಿಚಕ್ರ ವಾಹನದ ಕೀಲಿಕೈಗೆ ಹಂಬಲಿಸುತ್ತಿರುವ ಹತ್ತನೆಯ ತರಗತಿಯ ವೀರರಿಗೆ ನೂರು ಉಪದೇಶಗಳಿಗಿಂತ ಈ ಒಂದು ಚಿತ್ರ ಮೇಲು. ಹಿರಿಯರಿಗೆ 1979ರ 'ನಾ ನಿನ್ನ ಬಿಡಲಾರೆ' ನೆನಪಿರಬಹುದು. ಅನಂತನಾಗ್, ಲಕ್ಷ್ಮಿಯವರ ಅಭಿನಯಕ್ಕಾಗಿಯೂ ರಾಜನ್-ನಾಗೇಂದ್ರರ ಸಂಗೀತಕ್ಕಾಗಿಯೂ ಅದನ್ನು ಮತ್ತೊಮ್ಮೆ ನೋಡುವುದರಲ್ಲಿ ತಪ್ಪಿಲ್ಲ.

ಹದಿನಾರು ದಾಟಿದವರಿಗೆ ಮೂರು. ಹಿಂದಿಯ 'ತುಂಬಾಡ್' 2018ರದು. ಎಡೆಬಿಡದ ಮಳೆಯಲ್ಲಿ ತೊಯ್ದ ಮಹಾರಾಷ್ಟ್ರದ ಹಳ್ಳಿಯಲ್ಲಿ ದುರಾಶೆಯೇ ದೆವ್ವವಾಗಿ ತಂದೆಯಿಂದ ಮಗನಿಗೆ ಇಳಿದುಬರುವ ಕಥೆ. ಅದರಲ್ಲಿ ಬೀಭತ್ಸ ಹೆಚ್ಚು. ತಂದೆತಾಯಿಗಳು ತಾವು ಮೊದಲು ನೋಡಿ ಅನಂತರ ತೋರಿಸಲಿ. ಮಲಯಾಳದ 'ಭ್ರಮಯುಗಂ' 2024ರದು. ಬಣ್ಣಗಳ ಕಾಲದಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದದ್ದು. ಪಾಳುಮನೆಗೆ ಆಶ್ರಯ ಕೇಳಿ ಬಂದ ಪಾಣನೆಂಬ ಜಾತಿಯ ಹಾಡುಗಾರನೊಡನೆ ಆ ಮನೆಯ ಒಡೆಯನು ಪಗಡೆಯಾಡಿ, ಅವನ ಕಾಲವನ್ನೇ ಪಣವಾಗಿ ಕಸಿದುಕೊಳ್ಳುತ್ತಾನೆ. ಒಡೆತನದ ಮದ ಎಂಥ ಪಿಶಾಚಿಯೆಂಬುದನ್ನು ಮಮ್ಮುಟ್ಟಿಯವರು ಬರಿಯ ನಗುವಿನಿಂದ ತೋರಿಸಿದ್ದಾರೆ. ಮೂರನೆಯದು ಜಪಾನಿನ ಮಸಾಕಿ ಕೊಬಯಾಶಿಯವರ 'ಕ್ವೈದಾನ್', 'ಭಾರ್ಗವೀ ನಿಲಯಂ' ಬಂದ 1964ರಲ್ಲಿಯೇ ಮುಗಿದದ್ದು. ಅದರ ನಾಲ್ಕು ಕಥೆಗಳಲ್ಲಿ ಒಂದು ಹೊಯಿಚಿಯೆಂಬ ಕುರುಡು ಗಾಯಕನದು. ಸಮುದ್ರಯುದ್ಧದಲ್ಲಿ ನಾಶವಾದ ರಾಜಕುಲದ ಪ್ರೇತಗಳು ರಾತ್ರಿ ರಾತ್ರಿ ಅವನನ್ನು ಕರೆಸಿಕೊಂಡು, ತಮ್ಮ ಸೋಲಿನ ಕಥೆಯನ್ನೇ ಹಾಡಿಸಿ ಅಳುತ್ತವೆ. ಅದನ್ನು ನೋಡುವಾಗ ನಮಗೆ ಪಾಡ್ದನದ ನೆನಪಾಯಿತು. ಅಷ್ಟು ದೂರದ ದ್ವೀಪದಲ್ಲಿಯೂ ಸತ್ತವರು ಬಯಸುವುದು ತಮ್ಮ ಕಥೆಯನ್ನು ಯಾರಾದರೂ ಹಾಡಲಿ ಎಂಬುದನ್ನೇ.

ದೊಡ್ಡವರಿಗೆ ಮಾತ್ರ ಒಂದು: ಹಿಚ್ಕಾಕರ 'ಸೈಕೋ', 1960. ಸ್ನಾನಗೃಹದ ಕೊಲೆಯ ದೃಶ್ಯವನ್ನು ಕಂಡವರು ಕತ್ತಿ ಮೈಗೆ ನಾಟಿದ್ದನ್ನು ಕಣ್ಣಾರೆ ಕಂಡೆವೆನ್ನುತ್ತಾರೆ. ನಿಧಾನವಾಗಿ ನೋಡಿದರೆ ಅಲ್ಲಿರುವುದು ಪಟಪಟನೆ ಬದಲಾಗುವ ತುಂಡು ತುಂಡು ಚಿತ್ರಿಕೆಗಳು, ಪಿಟೀಲುಗಳ ಕಿರಿಚಾಟ, ಹರಿಯುವ ನೀರು. ಕೊಲೆಯ ಬಹುಪಾಲು ನಡೆಯುವುದು ಪ್ರೇಕ್ಷಕನ ಮನಸ್ಸಿನಲ್ಲಿ. ನಮ್ಮ ಆಲಂಕಾರಿಕರು ಧ್ವನಿಯೆಂದದ್ದು ಇಂಥದ್ದನ್ನೇ. ಹೇಳದೆ ಹೇಳಬಲ್ಲವನು ಕವಿ. ತೋರದೆ ತೋರಬಲ್ಲವನು ನಿರ್ದೇಶಕ.

ನೋಡುವ ಕ್ರಮವನ್ನು ಕುರಿತು ಎರಡು ಮಾತು. ಪ್ರಮಾಣಪತ್ರವನ್ನು ಮೊದಲು ನೋಡಿರಿ. 2024ರ ನಿಯಮಗಳ ಪ್ರಕಾರ 'ಯುಎ' ವರ್ಗವನ್ನು 7, 13, 16 ವರ್ಷಗಳೆಂದು ಮೂರಾಗಿ ವಿಂಗಡಿಸಿದ್ದಾರೆ. 'ಎ' ಎಂದರೆ ವಯಸ್ಕರಿಗೆ ಮಾತ್ರ. ಮಗುವನ್ನು ಒಂಟಿಯಾಗಿ ನೋಡಲು ಬಿಡಬೇಡಿರಿ. ಹೆದರಿದರೆ ಅಪಹಾಸ್ಯ ಮಾಡಬೇಡಿರಿ. ಧ್ವನಿಯನ್ನು ತಗ್ಗಿಸಿರಿ, ದೀಪ ಹಚ್ಚಿರಿ. ಭಯದ ಅರ್ಧಪಾಲು ಸದ್ದಿನಲ್ಲಿದೆಯೆಂಬುದು ಮಗುವಿಗೆ ಆಗ ತಾನಾಗಿ ತಿಳಿಯುತ್ತದೆ. ಮುಗಿದ ಮೇಲೆ ಒಡನೆ ಮಲಗಲು ಕಳುಹಿಸದೆ, ಗಂಜಿಯ ಬಟ್ಟಲಿನ ಮುಂದೆ ಕುಳ್ಳಿರಿಸಿಕೊಂಡು, "ಆ ದೆವ್ವಕ್ಕೆ ಏನಾಗಿತ್ತು? ನೀನಾಗಿದ್ದರೆ ಏನು ಮಾಡುತ್ತಿದ್ದೆ?" ಎಂದು ಕೇಳಿರಿ. ಮನೆಯಲ್ಲಿ ಯಾರಿಗಾದರೂ ನಿದ್ದೆ ಕೆಟ್ಟು, ಮಾತು ತಪ್ಪಿ, ಗುಣ ಬದಲಾಗಿದ್ದರೆ ಅದು ಚಿತ್ರದ ದೆವ್ವವೆಂದು ತಿಳಿಯದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಹರಕೆಯನ್ನು ಬೇಡವೆನ್ನುವುದಿಲ್ಲ; ಚಿತ್ರದ ತಂತ್ರಿಯೂ ಪೂಜೆಯನ್ನು ಬಿಡಲಿಲ್ಲ. ಆದರೆ ವೈದ್ಯನಿಗೆ ದಾರಿ ಬಿಟ್ಟನು. ಅಷ್ಟನ್ನಾದರೂ ನಾವು ಅವನಿಂದ ಕಲಿಯೋಣ.

ತೂಕಡಿಸುತ್ತಿದ್ದ ಬಾಲಕನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವನನ್ನು ಕರೆದು, ಮೊಬೈಲಿನಲ್ಲಿ ಕಂಡ ಆ ಮುಖಕ್ಕೆ ಒಂದು ಕಥೆಯನ್ನು ಬರೆದು ತಾ ಎಂದೆವು. ಮೂರು ದಿನ ಕಳೆದು ನಾಲ್ಕು ಪುಟ ಬರೆದು ತಂದನು. ಅದರಲ್ಲಿ ಆ ವಿಕಾರ ಮುಖದವಳು ಹಡಗು ತಪ್ಪಿಸಿಕೊಂಡು ನಮ್ಮ ಕಡಲತೀರದಲ್ಲಿ ಇಳಿದ ಪರದೇಶದ ಅಜ್ಜಿ. ಅವಳ ಮಾತು ಯಾರಿಗೂ ತಿಳಿಯದೆ ಅವಳು ಕಿರಿಚುತ್ತಿದ್ದಳು. ಒಬ್ಬ ಹುಡುಗನು ನೀರು ಕೊಟ್ಟನು. ಕಾಗುಣಿತದ ತಪ್ಪುಗಳು ಹನ್ನೊಂದಿದ್ದವು. ತಿದ್ದಿಕೊಟ್ಟೆವು. ಅಂದಿನಿಂದ ಅವನಿಗೆ ನಿದ್ದೆ ಬರುತ್ತಿದೆಯಂತೆ. ತರಗತಿಯಲ್ಲಿಯೂ ಆಗಾಗ ಬರುತ್ತದೆ, ಆದರೆ ಅದರ ಕಾರಣ ನಮ್ಮ ವ್ಯಾಕರಣದ ಪಾಠ.

ಸಂಘದ ಮೊದಲನೆಯ ಪ್ರದರ್ಶನಕ್ಕೆ 'ಮಣಿಚ್ಚಿತ್ರತ್ತಾಳ್', ಎರಡನೆಯದಕ್ಕೆ 'ಆಪ್ತಮಿತ್ರ' ಆಗಲಿ ಎಂದು ನಮ್ಮ ಶಿಫಾರಸು. ಮಲಯಾಳೀ ನೆರೆಯವರನ್ನೂ ಕರೆಯೋಣ. ಅವರ ನಾಗವಲ್ಲಿಯನ್ನು ನಾವು ನೋಡೋಣ, ನಮ್ಮ ನಾಗವಲ್ಲಿಯನ್ನು ಅವರು ನೋಡಲಿ.